ಸೂಜಿ ಕದಲದ ರಾತ್ರಿ

ಮೂಂಟಾ ಊರಲ್ಲಿ ಜನವರಿ ಅಂದರೆ
ಬಾಗಿಲ ಚಿಲಕವನ್ನೂ ಬಟ್ಟೆ ಸುತ್ತಿ ಹಿಡಿಯಬೇಕು.
ನಲವತ್ನಾಲ್ಕು ಡಿಗ್ರಿ. ತಗಡಿನ ಶೆಡ್ಡಿನೊಳಗೆ
ಅರವತ್ನಾಲ್ಕರ ಹೋಲ್ಡನ್,
ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗೆ
ಬಾಯಿ ತೆರೆದು ನಿಂತಿದೆ.

ಹಳೆಯ ಎಂಜಿನ್ನು ಮೂಲೆಯಲ್ಲಿ, ಗೋಣಿ ಹೊದ್ದು.
ಅದರ ಜಾಗಕ್ಕೆ ಗುಜರಿಯಿಂದ ಬಂದದ್ದು
ಮೂವತ್ತೈದು ವರ್ಷ ಕಿರಿಯದು.
‘ಕೂರಿಸಿದ್ದು ನಾನೇ’ ಅಂದರು ಮರ್ವಿನ್ ಟ್ರೆಜೈಸ್,
‘ತಂಪು ಮಾತ್ರ ನನಗೆ ಬಾರದ ವಿದ್ಯೆ.’
ಹುಬ್ಬಳ್ಳಿಯ ಓಣಿಯೊಂದರಲ್ಲಿ
ಸೋಡಾ ಅಂಗಡಿಗಳ ಫ್ರಿಜ್ಜು ಬಿಚ್ಚಿ ಕಲಿತ ಕೈ ನನ್ನದು.
ಎಲ್ಲಿ ಸೋರುತ್ತದೆಂದು
ಸೋಪಿನ ನೊರೆಯನ್ನು ಕೇಳಿ ಹೇಳುತ್ತೇನೆ.

ಪಕ್ಕದ ಕ್ಲೈವ್ ಪೆನ್‌ಹಾಲ್ ಮೂಗು ಮುರಿದ:
‘ಆಗ ಈ ಕಾರಿಗೆ ಏಸಿ ಎಲ್ಲಿತ್ತು?
ಮುಂದಿನ ತ್ರಿಕೋನದ ಗಾಜು ತಿರುಗಿಸು,
ಗಾಳಿ ತಾನಾಗಿ ಬರುತ್ತೆ.’
ಮರ್ವಿನ್ ಉತ್ತರ ಕೊಡಲಿಲ್ಲ. ಮನೆಯ ಕಡೆ ನೋಡಿದರು.

ಅಲ್ಲಿ ಲೋರ್ನಾ.
ಸೆಕೆ ಏರಿದರೆ ಅವಳ ಕಾಲು ಅವಳ ಮಾತು ಕೇಳುವುದಿಲ್ಲ.
ನರಗಳ ಹೊದಿಕೆ ಸವೆದಿದೆ,
ವೈರಿನ ರಬ್ಬರು ಸುಲಿದ ಹಾಗೆ, ಅಂದಿದ್ದರಂತೆ ಡಾಕ್ಟರು,
ಮರ್ವಿನ್‌ಗೆ ತಿಳಿಯುವ ಭಾಷೆಯಲ್ಲಿ.
ವಾಲರೂ ಸಮುದ್ರ ಇಲ್ಲಿಂದ ಹದಿನೆಂಟು ಕಿಲೋಮೀಟರು.
ಮೂರು ಬೇಸಿಗೆಯಿಂದ ಅವಳು ಹಗಲಲ್ಲಿ ಅದನ್ನು ಕಂಡಿಲ್ಲ.

ಕಂಪ್ರೆಸರು ಹುಟ್ಟಿದ ಜಾಗದಲ್ಲೇ ಕೂತರೆ
ಸ್ಟಿಯರಿಂಗ್ ಬಾಕ್ಸಿಗೆ ಬಡಿಯುತ್ತೆ.
ಬಾಡಿಗೆ ಮನೆಗೆ ತಂದ ತವರಿನ ಬೀರು,
ಎತ್ತ ಹೊರಳಿಸಿದರೂ ಒಂದು ಮೂಲೆ ಉಳಿಯುತ್ತೆ.
ಕೊನೆಗೆ ಎಡಕ್ಕೆ, ಮೇಲಕ್ಕೆ.
ಕಾರ್ನ್‌ಫ್ಲೇಕ್ಸ್ ಡಬ್ಬಿ ಕತ್ತರಿಸಿ ಅಳತೆ,
ಆಮೇಲೆ ಹತ್ತು ಮಿಲಿಮೀಟರ್ ಉಕ್ಕು.
ಪುಲ್ಲಿಯಿಂದ ಪುಲ್ಲಿಗೆ ದಾರ ಹಿಡಿದು ನೋಡಿದೆವು:
ಕೂದಲೆಳೆ ತಪ್ಪಿದರೂ ಬೆಲ್ಟು ಚೀರುತ್ತದೆ.
ರೇಡಿಯೇಟರಿನ ಮುಂದೆ ಕಂಡೆನ್ಸರು, ಅದರ ಬಿಸಿಯೆಲ್ಲ ಇದರ ಪಾಲು.
ತಂಪಿನ ಸಾಲವನ್ನು ಯಾರಾದರೂ ತೀರಿಸಲೇಬೇಕಲ್ಲ,
ಎರಡು ಫ್ಯಾನು ಹಾಕಿದೆ.

ಒಳಗಿನ ಪೆಟ್ಟಿಗೆಗೆ ಜಾಗ ಮಾಡಲು
ಡ್ಯಾಶ್‌ಬೋರ್ಡಿನ ಖಾನೆ ಬಲಿಯಾಯಿತು.
ಅದರಲ್ಲಿ ಚರ್ಚಿನ ಲಾಟರಿ ಚೀಟಿ,
ಕಲ್ಲಾದ ಪೆಪ್ಪರ್‌ಮಿಂಟು, ಒಂಟಿ ಕಿವಿಯೋಲೆ.
‘ಅಯ್ಯೋ’ ಅಂತ ಕಿಟಕಿಯಿಂದಲೇ ಕೂಗಿದಳು ಲೋರ್ನಾ,
‘ಆ ಓಲೆಗೆ ನಾನು ಇಷ್ಟು ವರ್ಷ
ಇವನ ಅಕ್ಕನನ್ನು ಅನುಮಾನಿಸಿದೆನಲ್ಲ!’

ಸಂಜೆ ಪಂಪು ಹಚ್ಚಿ
ಕೊಳವೆಗಳ ಗಾಳಿ, ತೇವ, ಎಲ್ಲ ಎಳೆದೆ.
ಮೀಟರಿನ ಸೂಜಿ ಸೊನ್ನೆಗಿಂತ ಕೆಳಗಿಳಿದು ನಿಂತಿತು.
ಅರ್ಧ ಗಂಟೆ ನೋಡಿದರೆ ಸಾಕು.
ನಾನು ಬೆಳಗಿನವರೆಗೆ ಬಿಡುತ್ತೇನೆ.
ಬಯಲು ಅನ್ನುವ ಮಾತಿಗೆ ನಮ್ಮಲ್ಲಿ ದೊಡ್ಡ ದೊಡ್ಡ ಅರ್ಥಗಳಿವೆ.
ನಾನು ಕಂಡ ಬಯಲು ಇಷ್ಟೇ:
ಏನೂ ಇಲ್ಲದ್ದನ್ನು
ಹನ್ನೊಂದು ಕೀಲುಗಳು ರಾತ್ರಿಯಿಡೀ
ಕೈಬಿಡದೆ ಹಿಡಿದುಕೊಂಡಿರುವುದು.

ಎರಡು ಗಂಟೆಗೆ ಟಾರ್ಚಿನ ಬೆಳಕು. ಮರ್ವಿನ್, ಬರಿಗಾಲಲ್ಲಿ.
‘ಕದಲಿತಾ?’
‘ಇಲ್ಲ. ಮಲಗಿ.’
ಅವರು ಮಲಗಲಿಲ್ಲ. ನಾನೂ.

ಬೆಳಿಗ್ಗೆ ಗ್ಯಾಸು ತುಂಬಿ ಗುಂಡಿ ಒತ್ತಿದೆ.
ಎಂಜಿನ್ನು ಒಂದು ಗಳಿಗೆ ಕುಗ್ಗಿ ಮತ್ತೆ ಎದ್ದಿತು,
ಮೂಟೆ ಹೊತ್ತವನು ಭುಜ ಬದಲಿಸಿದ ಹಾಗೆ.
ಕಿಂಡಿಯ ಮುಂದೆ ಹಿಡಿದ ಥರ್ಮಾಮೀಟರು: ಆರು.

ನಡು ಮಧ್ಯಾಹ್ನ ಹೊರಟರು. ನಾಲ್ಕಕ್ಕೆ ಬಂದರು.
‘ಗಾಜು ಏರಿಸಿ ಕೂತಿದ್ದೆವು,’ ಅಂದಳು ಲೋರ್ನಾ,
‘ಸಮುದ್ರ ಕಂಡಿತು, ವಾಸನೆ ಬರಲಿಲ್ಲ.
ಅದಕ್ಕೇ ತ್ರಿಕೋನದ ಗಾಜು ಎರಡು ಬೆರಳಷ್ಟು ತೆರೆದೆ.’
‘ತಂಪು ಸೋರಿಹೋಗುತ್ತಲ್ಲ!’
‘ಸೋರಲಿ ಬಿಡೋ.’

ಅಷ್ಟರಲ್ಲಿ ಕ್ಲೈವ್, ಕಾರಿನಡಿ ಬಗ್ಗಿ, ಗೆದ್ದವನಂತೆ:
‘ನೋಡಿ, ನೋಡಿ! ತೊಟ್ಟಿಕ್ಕುತ್ತಿದೆ!’
ಸೋರಿಕೆಯಲ್ಲ ಮಾರಾಯ, ಗಾಳಿಯೊಳಗಿದ್ದ ನೀರು ಅಂದೆ.
ಅವನು ನಂಬದೆ ಅಂಗೈ ಒಡ್ಡಿದ.
ತುಂಬುವಷ್ಟು ಹೊತ್ತು ಹಾಗೇ ಕೂತಿದ್ದು,
ಯಾರೂ ನೋಡುತ್ತಿಲ್ಲವೆಂದುಕೊಂಡು
ಕತ್ತಿಗೆ ಒರೆಸಿಕೊಂಡ.